ಮೈಲುತುತ್ತ ಅಸಲಿನಾ ಕಲಬೆರಕೆನಾ, ಮನೇಲೇ ಗುರುತು ಹಿಡಿಯೋದು ಹೆಂಗೆ?

ಕಳಸದತೋಟ:

ನಮಸ್ಕಾರ ಎಲ್ರಿಗೂ. ಮಳೆ ಹಿಡಿಯೋಕೆ ಜಾಸ್ತಿ ದಿನ ಇಲ್ಲ, ಅಡಿಕೆಗೆ ಕೊಳೆ ರೋಗ ಬರ್ದಂಗೆ ಮೊದಲ್ನೇ ಸಲದ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ನೀರು) ಹೊಡೆಸ್ಬೇಕು, ಮರ ಹತ್ತಿ ಹೊಡೆಯೋ ಕೊನೆಗಾರರು ಸಿಗೋದೇ ಕಷ್ಟ ಆದ್ರೂ ಹೆಂಗೋ ಗೊತ್ತು ಮಾಡಿ ಆಗಿದೆ. ನನ್ನ ಪ್ರಶ್ನೆ ಮೈಲುತುತ್ತದ್ದು. ಈಗ ನಮ್ಮನೇಲಿ ಮೂರು ಥರದ್ದು ಇದೆ. ಒಂದು ಸೊಸೈಟಿಯಿಂದ ತಂದಿದ್ದು, ದಪ್ಪ ಹರಳು, ಕಡು ನೀಲಿ, ನೋಡೋಕೇ ಚಂದ. ಇನ್ನೊಂದು ಪೇಟೇಲಿ ಒಂದು ಅಂಗಡಿಯಿಂದ ಅಪ್ಪ ತಂದಿದ್ದು, ರೇಟು ಸ್ವಲ್ಪ ಕಮ್ಮಿ ಅಂತ, ಅದು ಸಕ್ಕರೆಯಷ್ಟು ಸಣ್ಣ ಹರಳು, ಬಣ್ಣ ತೆಳು ನೀಲಿ, ಬಿಸಿಲಿಗೆ ಹಿಡಿದ್ರೆ ಎಲ್ಲೋ ಹಸಿರು ಹೊಡೆಯುತ್ತೆ, ಚೀಲದ ಮೂಲೇಲಿ ಹಳದಿ ಕಂದು ಪುಡಿನೂ ಇತ್ತು. ಮೂರನೇದು ಹೋದ ವರ್ಷ ಉಳಿದಿದ್ದು, ಒಲೆ ಮೇಲಿನ ಅಟ್ಟದಲ್ಲಿತ್ತು, ಅದರ ಮೈಮೇಲೆಲ್ಲಾ ಬಿಳಿ ಪುಡಿ ಕಟ್ಟಿದೆ, ಒಳಗೆ ನೀಲಿನೇ ಇದೆ.

ಅಂಗಡಿಯವ್ರನ್ನ ಕೇಳಿದ್ರೆ ಎಲ್ಲಾ ಒಂದೇ ಮಾಲು ತಗೊಳ್ಳಿ ಅಂತಾರೆ. ನಮ್ಮೂರಲ್ಲಿ ಕೆಲವರು ಇದರಲ್ಲಿ ಅನ್ನಭೇದಿ ಅನ್ನೋ ಕಬ್ಬಿಣದ ಉಪ್ಪು ಬೆರೆಸ್ತಾರೆ ಅಂತಾರೆ. ಕೊಳೆ ಬಂದ್ಮೇಲೆ ಅಯ್ಯೋ ಅಂದ್ರೆ ಏನೂ ಬರಲ್ಲ, ಅದಕ್ಕೆ ಈಗ್ಲೇ ಕೇಳ್ತಿದೀನಿ. ಲ್ಯಾಬಿಗೆ ಕಳ್ಸಿ ರಿಪೋರ್ಟ್ ಬರೋವರೆಗೆ ಕಾಯೋಕೆ ಟೈಮಿಲ್ಲ. ಮನೇಲೇ ಮಾಡ್ಬಹುದಾದ ಟೆಸ್ಟ್ ಯಾವುದು ನಂಬಬಹುದು? ಪಿಯುಸಿಲಿ ಸೈನ್ಸ್ ಓದಿದ್ದೆ, ಸಾಲ್ಟ್ ಅನಾಲಿಸಿಸ್ ಅಂತ ಏನೋ ಮಾಡಿದ್ದು ನೆನಪಿದೆ, ಬಣ್ಣ ಬಣ್ಣ ಬರ್ತಿತ್ತು ಅನ್ನೋದು ಬಿಟ್ರೆ ಉಳಿದಿದ್ದೆಲ್ಲಾ ಮರ್ತಿದೆ.

ಪುತ್ತೂರಿನ ಕೃಷಿಕ:

ಅದಕ್ಕೆ ಅಷ್ಟು ತಲೆಬಿಸಿ ಯಾಕೆ ಮಾರಾಯ್ರೆ. ಒಂದು ಲೋಟ ನೀರಿಗೆ ಎರಡು ಚಮಚ ಮೈಲುತುತ್ತು ಹಾಕಿ ಕರಗಿಸಿ, ಅದರಲ್ಲಿ ಒಂದು ಕಬ್ಬಿಣದ ಮೊಳೆಯೋ ಹಳೇ ಕತ್ತಿಯೋ ಅದ್ದಿ ಸ್ವಲ್ಪ ಹೊತ್ತು ಬಿಡಿ. ಕೆಂಪು ತಾಮ್ರ ಹಿಡಿದ್ರೆ ಅಸಲಿ, ಹಿಡೀದಿದ್ರೆ ನಕಲಿ. ನಮ್ಮ ಅಜ್ಜನ ಕಾಲದಿಂದ ಹೀಗೇ ನೋಡುದು. ಬೋರ್ಡೋ ಮಾಡಿದ ಮೇಲೆ ಸಹ ಇದೇ ಕತ್ತಿ ಅದ್ದಿ ನೋಡ್ತೇವೆ, ಕೆಂಪು ಹಿಡಿದ್ರೆ ಸುಣ್ಣ ಸಾಲ್ಲಿಲ್ಲ ಅಂತ ಲೆಕ್ಕ, ಮತ್ತೆ ಸ್ವಲ್ಪ ಸುಣ್ಣದ ನೀರು ಹಾಕುದು.

ಕೆಮಿಸ್ಟ್ರಿ ಮೇಷ್ಟ್ರು:

ಪುತ್ತೂರಿನವರು ಹೇಳಿದ ಎರಡನೇ ವಿಷ್ಯ ನೂರಕ್ಕೆ ನೂರು ಸರಿ, ಬೋರ್ಡೋ ಸರಿಯಾಗಿ ಕೂತಿದ್ಯಾ ಅಂತ ನೋಡೋಕೆ ಕತ್ತಿ ಟೆಸ್ಟ್ ಒಳ್ಳೇದು. ಆದ್ರೆ ಮೊದಲ್ನೇದು, ಅಂದ್ರೆ ಮೊಳೆಗೆ ತಾಮ್ರ ಹಿಡಿದ್ರೆ ಅಸಲಿ ಅನ್ನೋದು, ಅರ್ಧ ಮಾತ್ರ ನಿಜ. ಮೊಳೆ ಹೇಳೋದು ಇದರಲ್ಲಿ ತಾಮ್ರ ಇದೆ ಅಂತ, ಎಷ್ಟಿದೆ ಅಂತ ಅಲ್ಲ. ಅರ್ಧಕ್ಕರ್ಧ ಅನ್ನಭೇದಿ ಬೆರೆಸಿದ್ರೂ ಮೊಳೆ ಕೆಂಪಾಗೇ ಆಗುತ್ತೆ, ಬೇಕಾದ್ರೆ ಮಾಡಿ ನೋಡಿ. ಕಲಬೆರಕೆ ಮಾಡೋನು ತಾಮ್ರ ಪೂರ್ತಿ ತೆಗೆದು ಮಾರಲ್ಲ, ಬಣ್ಣ ಉಳಿಯೋ ಅಷ್ಟು ಬಿಟ್ಟೇ ಮಾರ್ತಾನೆ.

ಈಗ ನಿಮ್ಮ ಮೂರು ಸ್ಯಾಂಪಲ್‌ಗೆ ಬರ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಬೇಜಾರಾಗ್ಬೇಡಿ.

ಮೊದ್ಲು ಆ ಬಿಳಿ ಪುಡಿ. ನಾವು ಮೈಲುತುತ್ತ ಅನ್ನೋದು ಕಾಪರ್ ಸಲ್ಫೇಟ್ ಪೆಂಟಾಹೈಡ್ರೇಟ್, ಅಂದ್ರೆ ಪ್ರತಿ ಕಾಪರ್ ಸಲ್ಫೇಟ್ ಜೊತೆ ಐದು ನೀರು ಹರಳಿನ ಒಳಗೇ ಕೂತಿದೆ. ತೂಕದಲ್ಲಿ ನೋಡಿದ್ರೆ ನೂರು ಗ್ರಾಂ ಹರಳಲ್ಲಿ 36 ಗ್ರಾಂ ಬರೀ ನೀರು, ತಾಮ್ರ 25 ಗ್ರಾಂ ಚಿಲ್ಲರೆ ಅಷ್ಟೇ. ಕೈಗೆ ಒಣಗಿದ್ದಂಗೆ ಕಾಣೋ ಹರಳಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ನೀರು ಅಂದ್ರೆ ಕ್ಲಾಸಲ್ಲಿ ಹುಡುಗ್ರು ನಂಬಲ್ಲ. ಆ ನೀಲಿ ಬಣ್ಣ ಇರೋದೂ ಈ ನೀರು ತಾಮ್ರದ ಸುತ್ತ ಕೂತಿರೋದ್ರಿಂದಾನೇ, ನೀರು ಹೋದ್ರೆ ಬಣ್ಣನೂ ಹೋಗಿ ಬೂದುಬಿಳಿ ಪುಡಿ ಉಳಿಯುತ್ತೆ. ಒಲೆ ಮೇಲಿನ ಅಟ್ಟ ಅಂದ್ರಿ, ಅಲ್ಲಿ ಬೆಚ್ಚಗೆ, ಗಾಳಿ ಒಣ, ಮೇಲ್ಮೈಯಿಂದ ನೀರು ಬಿಟ್ಕೊಂಡು ಬಿಳಿಚಿಕೊಂಡಿರತ್ತೆ. ಅದು ಕೆಟ್ಟಿಲ್ಲ, ಲೆಕ್ಕ ಹಾಕಿದ್ರೆ ಅದೇ ತೂಕಕ್ಕೆ ತಾಮ್ರ ಸ್ವಲ್ಪ ಜಾಸ್ತಿನೇ ಇರುತ್ತೆ. ಖಾತ್ರಿ ಮಾಡ್ಕೊಳ್ಳೋದು ಸುಲಭ, ಆ ಬಿಳಿ ಪುಡಿ ಚೂರು ಕೆರೆದು ಪಿಂಗಾಣಿ ತಟ್ಟೆ ಮೇಲೆ ಹಾಕಿ ಒಂದೇ ಹನಿ ನೀರು ಬಿಡಿ. ನೀಲಿಗೆ ತಿರುಗಿದ್ರೆ ಅದು ನೀರು ಬಿಟ್ಟ ಮೈಲುತುತ್ತನೇ. ಬಿಳಿಯಾಗೇ ಕರಗಿ ಹೋದ್ರೆ ಅಥವಾ ಬಿಳಿಯಾಗೇ ಕೂತ್ರೆ ಬೇರೆ ಏನೋ ಇದೆ ಅಂತ ಅನುಮಾನ ಪಡಿ.

ಎರಡನೇದು, ಅಂಗಡಿದು ತೆಳು ನೀಲಿ ಅಂದ್ರಿ. ಬರೀ ತೆಳು ಬಣ್ಣ ನೋಡಿ ಕಲಬೆರಕೆ ಅನ್ನೋಕಾಗಲ್ಲ. ಸೊಸೈಟಿ ಹರಳು ಒಂದೆರಡು ತಗೊಂಡು ಕಲ್ಲಲ್ಲಿ ಕುಟ್ಟಿ ನುಣ್ಣಗೆ ಮಾಡಿ ಪಕ್ಕದಲ್ಲಿಟ್ಟು ನೋಡಿ, ಅದೂ ತೆಳು ನೀಲಿನೇ ಆಗುತ್ತೆ, ಹರಳು ಸಣ್ಣ ಆದಷ್ಟೂ ಬೆಳಕು ಒಳಗೆ ಹೋಗದೆ ಮೇಲಿಂದಾನೇ ಚದುರಿ ವಾಪಸ್ ಬರುತ್ತೆ, ಅದಕ್ಕೆ. ಹೋಲಿಸೋದಾದ್ರೆ ಪುಡಿ ಜೊತೆ ಪುಡಿ ಹೋಲಿಸಿ, ಅಥವಾ ಎರಡನ್ನೂ ಒಂದೇ ತೂಕ ಒಂದೇ ಅಳತೆ ನೀರಲ್ಲಿ ಕರಗಿಸಿ ಒಂದೇ ಥರದ ಲೋಟದಲ್ಲಿಟ್ಟು ಬಿಳಿ ಕಾಗದದ ಮೇಲೆ ನೋಡಿ.

ಹಸಿರು ಛಾಯೆ ಮತ್ತೆ ಹಳದಿ ಕಂದು ಪುಡಿ ಇದ್ಯಲ್ಲ, ನನಗೆ ಅನುಮಾನ ಬಂದಿದ್ದು ಅಲ್ಲೇ. ಅನ್ನಭೇದಿ ಅಂದ್ರೆ ಫೆರಸ್ ಸಲ್ಫೇಟ್, ಅದು ತಿಳಿ ಹಸಿರು ಹರಳು, ಗಾಳಿಗೆ ಬಿಟ್ರೆ ಮೇಲ್ಗಡೆ ಹಳದಿ ಕಂದು ಆಗ್ತಾ ಹೋಗುತ್ತೆ. ಮೈಲುತುತ್ತಕ್ಕೆ ಆ ಗುಣ ಇಲ್ಲ, ವರ್ಷಗಟ್ಟಲೆ ಇಟ್ರೂ ಕಂದಾಗಲ್ಲ. ಆದ್ರೂ ಹಸಿರು ಅಂದ ತಕ್ಷಣ ಕಬ್ಬಿಣ ಅಂತ ತೀರ್ಮಾನ ಬೇಡ, ಅಡುಗೆ ಉಪ್ಪು ಬೆರೆತ್ರೂ ಗಟ್ಟಿ ದ್ರಾವಣ ಹಸಿರಾಗುತ್ತೆ. ಗಟ್ಟಿಯಾಗಿ ಕರಗಿಸಿದ ಮೈಲುತುತ್ತಕ್ಕೆ ಎರಡು ಚಮಚ ಉಪ್ಪು ಹಾಕಿ ನೋಡಿ, ಕಣ್ಣೆದುರೇ ಹಸಿರಿಗೆ ತಿರುಗುತ್ತೆ, ನೀರು ಸೇರಿಸ್ತಾ ಹೋದ್ರೆ ಮತ್ತೆ ನೀಲಿಗೆ ಬರುತ್ತೆ.

ಕಬ್ಬಿಣ ಹಿಡಿಯೋಕೆ ನಂಬೋ ಅಂಥ ಟೆಸ್ಟ್ ಅಂದ್ರೆ ಅಮೋನಿಯಾ. ಒಂದು ಟೀ ಚಮಚ ಮೈಲುತುತ್ತನ ಅರ್ಧ ಲೋಟ ನೀರಲ್ಲಿ ಕರಗಿಸಿ. ನೀರು ಮಾತ್ರ ಮಳೆ ನೀರೋ ಪೆಟ್ರೋಲ್ ಬಂಕಲ್ಲಿ ಸಿಗೋ ಬ್ಯಾಟರಿ ವಾಟರ್ರೋ ಆಗಿರ್ಲಿ, ಬೋರ್ ನೀರು ಬೇಡ, ಗಡಸು ನೀರಾದ್ರೆ ಮೈಲುತುತ್ತ ಹಾಕಿದ ತಕ್ಷಣ ಅದೇ ಬಿಳಿನೀಲಿಯಾಗಿ ಕದಡುತ್ತೆ, ಆಮೇಲೆ ಶುದ್ಧ ಇರೋದನ್ನೂ ಕಲಬೆರಕೆ ಅಂತ ಬೈತೀರ. ಕರಗಿಸಿದ್ದಕ್ಕೆ ಅಮೋನಿಯಾ ದ್ರಾವಣ ಹನಿ ಹನಿಯಾಗಿ ಹಾಕಿ. ಮೊದ್ಲು ತಿಳಿ ನೀಲಿ ಗಸಿ ಬರುತ್ತೆ, ಹೆದರ್ಬೇಡಿ, ಅದು ಬರಲೇಬೇಕು. ಹಾಕ್ತಾ ಹೋಗಿ, ಗಸಿ ಪೂರ್ತಿ ಕರಗಿ ಇಂಕಿನಂಥ ಕಡು ನೀಲಿ, ಸ್ವಲ್ಪ ನೇರಳೆ ಕಡೆಗೆ ಹೋಗೋ ಬಣ್ಣ ಬರುತ್ತೆ. ಆ ಬಣ್ಣ ಒಂದ್ಸಲ ನೋಡಿದ್ರೆ ಮರೆಯಲ್ಲ. ತಾಮ್ರದ ಗುರುತು ಅದೇ.

ಕಬ್ಬಿಣ ಇದ್ರೆ ಅದರ ಗಸಿ ಮಾತ್ರ ಎಷ್ಟು ಅಮೋನಿಯಾ ಸುರಿದ್ರೂ ಕರಗಲ್ಲ. ಮೊದ್ಲು ಕೊಳಕು ಹಸಿರು, ಆಮೇಲೆ ಕಂದು ಬಣ್ಣದ ಲೋಳೆ ಥರದ್ದು ತಳಕ್ಕೆ ಕೂರುತ್ತೆ. ಕಡು ನೀಲಿ ಒಳಗೆ ಅದು ಕಾಣಲ್ಲ, ಹಾಗಾಗಿ ಬಿಳಿ ಬಟ್ಟೆ ಅಥವಾ ಫಿಲ್ಟರ್ ಪೇಪರಲ್ಲಿ ಸೋಸಿ, ಮೇಲಿಂದ ಸ್ವಲ್ಪ ಅಮೋನಿಯಾ ಬೆರೆಸಿದ ನೀರು ಹಾಕಿ ನೀಲಿ ತೊಳೆದು ಹೋಗೋ ತನಕ ತೊಳೀರಿ. ಬಟ್ಟೆ ಮೇಲೆ ತುಕ್ಕಿನ ಬಣ್ಣ ಉಳಿದ್ರೆ ಕಬ್ಬಿಣ ಇದೆ ಅಂತಾನೇ ಅರ್ಥ. ಚೂರು ಕಲೆ ಆದ್ರೆ ಪರ್ವಾಗಿಲ್ಲ, ಫ್ಯಾಕ್ಟರಿ ಮಾಲಲ್ಲೂ ಅಷ್ಟು ಇರುತ್ತೆ. ಚಮಚದಲ್ಲಿ ಎತ್ತೋ ಅಷ್ಟು ಉಳಿದ್ರೆ ಬೆರೆಸಿದಾರೆ.

ಅಮೋನಿಯಾ ಘಾಟು ಜೋರು, ಜಗಲಿ ಮೇಲೆ ಗಾಳಿಲಿ ಮಾಡಿ, ಬಾಟಲಿಗೆ ಮೂಗಿಟ್ಟು ನೋಡೋಕೆ ಹೋಗ್ಬೇಡಿ.

ಕಳಸದತೋಟ:

ಮೇಷ್ಟ್ರೇ ಬಹಳ ಥ್ಯಾಂಕ್ಸ್, ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ಬಿಳಿ ಪುಡಿಗೆ ಈಗ್ಲೇ ಒಂದು ಹನಿ ನೀರು ಬಿಟ್ಟು ನೋಡ್ದೆ, ನಿಧಾನಕ್ಕೆ ನೀಲಿ ಆಯ್ತು. ಅಪ್ಪ ಅದನ್ನ ಬಿಸಾಡ್ಬೇಕು ಅಂತ ಹೊರಗೆ ಇಟ್ಟಿದ್ರು, ವಾಪಸ್ ಒಳಗಿಟ್ರು.

ಅಮೋನಿಯಾ ಇಲ್ಲಿ ಸಿಗ್ತಾ ಇಲ್ಲ, ನಾಳೆ ಕೊಪ್ಪಕ್ಕೆ ಹೋಗೋದಿದೆ ಅಲ್ಲಿ ಕೇಳ್ತೀನಿ. ಅಷ್ಟರಲ್ಲಿ ಇನ್ನೊಂದು ಡೌಟು. ಸೋಪು ಮಾಡೋ ಕಾಸ್ಟಿಕ್ ಸೋಡಾ ಮನೇಲಿದೆ, ಅದ್ರಲ್ಲಿ ಆಗಲ್ವಾ? ಮತ್ತೆ ಸುಣ್ಣ?

ಕೆಮಿಸ್ಟ್ರಿ ಮೇಷ್ಟ್ರು:

ಕಾಸ್ಟಿಕ್ ಸೋಡಾ ಹಾಕಿದ್ರೆ ತಾಮ್ರನೂ ಗಸಿ, ಕಬ್ಬಿಣನೂ ಗಸಿ, ಎರಡೂ ಒಟ್ಟಿಗೆ ಕೂರುತ್ತೆ, ಬೇರೆ ಮಾಡೋಕೆ ಬರಲ್ಲ. ಅಮೋನಿಯಾದ ವಿಶೇಷ ಏನಂದ್ರೆ ಅದು ತಾಮ್ರದ ಕೈ ಹಿಡಿದು ಮತ್ತೆ ನೀರಿಗೆ ಕರ್ಕೊಂಡು ಬರುತ್ತೆ, ಕಬ್ಬಿಣನ ಅಲ್ಲೇ ಬಿಡುತ್ತೆ. ಕಾಸ್ಟಿಕ್ ಗಸಿಯಲ್ಲಿ ಒಂದು ನೋಡ್ಬಹುದು, ಶುದ್ಧ ತಾಮ್ರದ್ದಾದ್ರೆ ಗಸಿ ಚೊಕ್ಕ ನೀಲಿ, ಬಿಸಿ ಮಾಡಿದ್ರೆ ಕಪ್ಪಾಗುತ್ತೆ. ಕಬ್ಬಿಣ ಜಾಸ್ತಿ ಇದ್ರೆ ನೀಲಿ ಚೊಕ್ಕ ಇರಲ್ಲ, ಹಸಿರು ಕಂದು ಬೆರೆತ ಕೆಸರಿನಂಗಿರುತ್ತೆ. ಸುಣ್ಣದಲ್ಲೂ ಅಷ್ಟೇ, ಒಳ್ಳೇ ಬೋರ್ಡೋ ಬಣ್ಣ ಆಕಾಶ ನೀಲಿ ಇರ್ಬೇಕು, ಮಾಸಲು ಹಸಿರು ಬಂದ್ರೆ ಎಲ್ಲೋ ತಪ್ಪಿದೆ ಅಂತ. ಆದ್ರೆ ಅದನ್ನ ಅಂಗಡಿಯವ್ನ ಮುಂದೆ ಇಟ್ಟು ವಾದ ಮಾಡೋಕಾಗಲ್ಲ, ಅಮೋನಿಯಾ ಟೆಸ್ಟ್ ಆದ್ರೆ ಆಗುತ್ತೆ.

ಬಿಎಸ್ಸಿ ಬ್ಯಾಕ್‌ಬೆಂಚ್:

ನಮ್ಮ ಲ್ಯಾಬಲ್ಲಿ ನೀಲಿ ಸಾಲ್ಟ್ ಕೊಟ್ರೆ ಹಬ್ಬ 😄 ನೋಡಿದ ತಕ್ಷಣ ಕಾಪರ್ ಅಂತ ಬರ್ದು ಆಮೇಲೆ ಟೆಸ್ಟ್ ಮಾಡಿದಂಗೆ ಆಕ್ಟಿಂಗ್ ಮಾಡೋದು. ಪೊಟ್ಯಾಸಿಯಂ ಫೆರೋಸಯನೈಡ್ ಹಾಕಿದ್ರೆ ಚಾಕಲೇಟ್ ಕಂದು ಗಸಿ, ಹೈಡ್ರೋಜನ್ ಸಲ್ಫೈಡ್ ಬಿಟ್ರೆ ಕಪ್ಪು, ಪ್ಲಾಟಿನಂ ತಂತಿಗೆ ಹೈಡ್ರೋಕ್ಲೋರಿಕ್ ಆಸಿಡ್ ಜೊತೆ ಹಚ್ಚಿ ಬರ್ನರ್‌ಗೆ ಹಿಡಿದ್ರೆ ನೀಲಿಹಸಿರು ಜ್ವಾಲೆ. ಸಲ್ಫೇಟ್‌ಗೆ ಬೇರಿಯಂ ಕ್ಲೋರೈಡ್ ಹಾಕಿದ್ರೆ ಬಿಳಿ ಗಸಿ ಬರುತ್ತೆ, ಅದು ಡೈಲ್ಯೂಟ್ ಆಸಿಡ್ ಹಾಕಿದ್ರೂ ಕರಗಲ್ಲ. ಇವೆಲ್ಲಾ ಮಾಡ್ಬಹುದಲ್ವಾ?

ಇನ್ನೊಂದು, ವೈವಾದಲ್ಲಿ ಐದು ನೀರಲ್ಲಿ ಐದೂ ಒಂದೇ ಥರಾನಾ ಅಂತ ಕೇಳ್ತಾರೆ. ಅಲ್ಲ, ನಾಲ್ಕು ತಾಮ್ರಕ್ಕೆ ನೇರ ಅಂಟ್ಕೊಂಡಿರುತ್ತೆ, ಐದನೇದು ಸಲ್ಫೇಟ್ ಜೊತೆ ಹೈಡ್ರೋಜನ್ ಬಾಂಡಲ್ಲಿ ಸಿಕ್ಕಾಕ್ಕೊಂಡಿರುತ್ತೆ, ಅದಕ್ಕೆ ಕೊನೇ ನೀರು ಓಡ್ಸೋಕೆ 200 ಡಿಗ್ರಿ ಹತ್ರ ಬೇಕು, ಮೊದಲಿನ ನಾಲ್ಕು 110ರ ಒಳಗೇ ಹೋಗ್ಬಿಡುತ್ತೆ. ಇದನ್ನ ಎಕ್ಸ್‌ರೇಯಿಂದ ಬೀವರ್ಸ್ ಮತ್ತು ಲಿಪ್ಸನ್ 1934ರಲ್ಲೇ ಕಂಡುಹಿಡಿದಿದ್ದು.

ಹುಬ್ಬಳ್ಳಿ ಲ್ಯಾಬಿನವ:

ತಮ್ಮಾ ನೀ ಹೇಳಿದ್ದೆಲ್ಲಾ ಖರೇ ಅದ, ಆದ್ರ ಇಲ್ಲಿ ಅದು ಕೆಲ್ಸಕ್ಕ ಬರಂಗಿಲ್ಲ. ಕಾಲೇಜಿನ್ಯಾಗ ಪ್ರಶ್ನೆ ಏನು, ಈ ಸಾಲ್ಟ್ ಯಾವುದು ಅಂತ. ಇಲ್ಲಿ ಅವ್ರಿಗೆ ಸಾಲ್ಟ್ ಯಾವುದು ಅಂತ ಗೊತ್ತೇ ಅದ, ಅದ್ರಾಗ ಬ್ಯಾರೇದು ಏನು ಕೂಡ್ಸ್ಯಾರ, ಎಷ್ಟು ಕೂಡ್ಸ್ಯಾರ ಅನ್ನೋದು ಪ್ರಶ್ನೆ. ಬೇರಿಯಂ ಕ್ಲೋರೈಡ್ ಹಾಕಿದ್ರ ಮೈಲುತುತ್ತನೂ ಬಿಳಿ, ಅನ್ನಭೇದಿನೂ ಬಿಳಿ, ಮ್ಯಾಗ್ನೀಸಿಯಂ ಸಲ್ಫೇಟೂ ಬಿಳಿ, ಎಲ್ಲಾ ಸಲ್ಫೇಟೇ ಅಲ್ರೀ. ಜ್ವಾಲಿ ನೋಡಿದ್ರೂ ತಾಮ್ರ ಹಸಿರು ತೋರಸ್ತದ, ಕಬ್ಬಿಣ ಅಡ್ಡ ಬರಂಗಿಲ್ಲ. ಫೆರೋಸಯನೈಡ್ ಹಾಕಿದ್ರ ತಾಮ್ರದ ಕಂದು ಬಣ್ಣದಾಗ ಕಬ್ಬಿಣದ ನೀಲಿ ಮುಳುಗಿ ಹೋಗ್ತದ, ಮದ್ಲ ಅಮೋನಿಯಾ ಹಾಕಿ ಸೋಸಿ, ಆ ಬಟ್ಟಿ ಮ್ಯಾಲಿನ ಕಂದು ಗಸಿನ ಆಸಿಡ್‌ನ್ಯಾಗ ಕರಗಿಸಿ ಆಮೇಲೆ ಫೆರೋಸಯನೈಡ್ ಹಾಕ್ರಿ, ಗಾಢ ನೀಲಿ ಬಂತಂದ್ರ ಕಬ್ಬಿಣ ಅಂತ ಮುದ್ರಿ ಒತ್ತಿದಂಗ.

ನಾವು ಕ್ವಾಲಿಟಿ ಕಂಟ್ರೋಲ್‌ನ್ಯಾಗ ಮಾಡೋದು ಐಯೋಡಿನ್ ಟೈಟ್ರೇಷನ್. ಸ್ಯಾಂಪಲ್ ಅರ್ಧ ಗ್ರಾಂ ತೂಗಿ ನೀರಾಗ ಕರಗಿಸಿ, ಚೂರು ಅಸಿಟಿಕ್ ಆಸಿಡ್ ಹಾಕಿ, ಪೊಟ್ಯಾಸಿಯಂ ಐಯೋಡೈಡ್ ಹಾಕಿದ್ರ ನೀಲಿ ಹೋಗಿ ಪೂರಾ ಕಂದು ಆಗ್ತದ, ಐಯೋಡಿನ್ ಬಿಡ್ತದ. ಅದಕ್ಕ 0.1 ನಾರ್ಮಲ್ ಹೈಪೋ (ಸೋಡಿಯಂ ಥಯೋಸಲ್ಫೇಟ್) ದ್ರಾವಣ ಅಳತಿ ಗೆರಿ ಇರೋ ಬ್ಯೂರೆಟ್‌ನಿಂದ ಬಿಡ್ತಾ ಹೋಗೋದು, ಹಳದಿ ಆದ ಮ್ಯಾಲ ಸ್ಟಾರ್ಚ್, ಆಮೇಲೆ ನೀಲಿ ಹೋಗಿ ಕೆನಿ ಬಿಳಿ ಉಳಿಯೋ ತನಕ. ಪೂರಾ ಶುದ್ಧ ಇದ್ರ ಅರ್ಧ ಗ್ರಾಂಗ ಬರೋಬ್ಬರಿ 20 ಎಂಎಲ್ ಹೈಪೋ ಹಿಡೀತದ. 16 ಎಂಎಲ್‌ಗೇ ಮುಗೀತಂದ್ರ 80 ಪರ್ಸೆಂಟ್ ಮಾಲು, ಉಳಿದದ್ದು ಕಸ. ಒಂದು ಕಾಳಜಿ, ಫೆರಿಕ್ ಕಬ್ಬಿಣ ಇದ್ರ ಅದೂ ಐಯೋಡಿನ್ ಬಿಡ್ತದ, ರೀಡಿಂಗ್ ಸುಳ್ಳ ಜಾಸ್ತಿ ಬರ್ತದ, ಅದಕ್ಕ ಮದ್ಲ ಫ್ಲೋರೈಡ್ ಹಾಕಿ ಕಬ್ಬಿಣದ ಬಾಯಿ ಕಟ್ಟಬೇಕು.

ಕಾಯ್ದೆ ಪ್ರಕಾರ ಹೇಳ್ಬೇಕಂದ್ರ ರಸಗೊಬ್ಬರ ನಿಯಂತ್ರಣ ಆದೇಶ 1985ರಾಗ ಗೊಬ್ಬರ ಅಂತ ಮಾರೋ ಕಾಪರ್ ಸಲ್ಫೇಟ್‌ನ್ಯಾಗ ತಾಮ್ರ ಕಮ್ಮಿ ಅಂದ್ರ 24 ಪರ್ಸೆಂಟ್ ಇರಬೇಕು. ಚೀಲದ ಮ್ಯಾಲ ಅದನ್ನ ಬರದಿರ್ಬೇಕು. ಬರದಿಲ್ಲ ಅಂದ್ರ, ಬರೇ ಬಿಳಿ ಪ್ಲಾಸ್ಟಿಕ್ ಪಾಕೀಟನ್ಯಾಗ ತೂಗಿ ಕೊಟ್ಟಾರಂದ್ರ, ಟೆಸ್ಟಿಗಿಂತ ಮದ್ಲ ಅಲ್ಲೇ ಡೌಟ್ ಪಡ್ರಿ.

ಪುತ್ತೂರಿನ ಕೃಷಿಕ:

ಅಮೋನಿಯಾ ಸಂಗತಿ ಗೊತ್ತಿರ್ಲಿಲ್ಲ, ಒಳ್ಳೆದಾಯ್ತು. ಆದರೆ ಮೇಷ್ಟ್ರೇ, ನಮ್ಮ ಮೊಳೆಯನ್ನು ನೀವು ಅಷ್ಟು ಸುಲಭದಲ್ಲಿ ಬಿಡ್ಬೇಡಿ. ಎಷ್ಟು ತಾಮ್ರ ಹಿಡೀತದೆ ಅಂತ ತೂಗಿ ನೋಡಿದ್ರೆ ಲೆಕ್ಕ ಸಿಗುದಿಲ್ವ?

ಕೆಮಿಸ್ಟ್ರಿ ಮೇಷ್ಟ್ರು:

ಸಿಗುತ್ತೆ, ಖಂಡಿತ ಸಿಗುತ್ತೆ! ಬ್ಯೂರೆಟ್ ಇಲ್ದೋರಿಗೆ ಅದಕ್ಕಿಂತ ಒಳ್ಳೇ ಉಪಾಯ ಇಲ್ಲ. ಕಬ್ಬಿಣ ತಾಮ್ರನ ದ್ರಾವಣದಿಂದ ಪೂರ್ತಿ ಹೊರಗೆ ತಳ್ಳುತ್ತೆ, ತಾನು ಕರಗಿ ಅದರ ಜಾಗಕ್ಕೆ ಹೋಗುತ್ತೆ, ಕೊನೆಗೆ ನೀಲಿ ನೀರು ತಿಳಿ ಹಸಿರಾಗುತ್ತೆ. ಅಂದ್ರೆ ಅಲ್ಲಿರೋದು ಆಗ ಅನ್ನಭೇದಿ ನೀರೇ.

ಮಾಡೋ ರೀತಿ ಹೇಳ್ತೀನಿ. ಬಂಗಾರ ತೂಗೋ ಥರದ ಸಣ್ಣ ಡಿಜಿಟಲ್ ತಕ್ಕಡಿ ಬೇಕು, ಈಗ ಆನ್‌ಲೈನಲ್ಲಿ ಕಮ್ಮಿಗೆ ಸಿಗುತ್ತೆ. 20 ಗ್ರಾಂ ಮೈಲುತುತ್ತ ತೂಗಿ ಒಂದು ಗಾಜಿನ ಬಾಟಲಿಲಿ ಒಂದು ಲೋಟ ಬೆಚ್ಚಗಿನ ನೀರಲ್ಲಿ ಕರಗಿಸಿ. ತುಕ್ಕಿಲ್ಲದ ದೊಡ್ಡ ಮೊಳೆಗಳನ್ನ ಮರಳು ಕಾಗದದಲ್ಲಿ ಉಜ್ಜಿ, ಎಣ್ಣೆ ಇದ್ರೆ ಸೋಪಲ್ಲಿ ತೊಳೆದು, ಒಂದು ಹಿಡಿ ಹಾಕಿ ರಾತ್ರಿ ಬಿಡಿ. ಸತು ಬಳಿದ ಹೊಳೆಯೋ ಮೊಳೆ ಬೇಡ. ಬೆಳಿಗ್ಗೆ ನೀರಲ್ಲಿ ನೀಲಿ ಚೂರೂ ಉಳಿದಿರಬಾರ್ದು, ಉಳಿದಿದ್ರೆ ಅಲ್ಲಾಡಿಸಿ ಇನ್ನೂ ಬಿಡಿ. ಆಮೇಲೆ ಮೊಳೆ ಮೇಲೆ ಸಡಿಲವಾಗಿ ಕೂತಿರೋ ಕೆಂಪು ಕಂದು ಪುಡಿನ ಹಳೇ ಬ್ರಷ್ಷಿಂದ ಅದೇ ನೀರಿಗೆ ಉದುರಿಸಿ ಮೊಳೆ ತೆಗೀರಿ. ಪುಡಿ ತಳಕ್ಕೆ ಕೂರೋಕೆ ಬಿಟ್ಟು ಮೇಲಿನ ನೀರು ಬಗ್ಗಿಸಿ, ಒಂದೆರಡು ಸಲ ವಿನೆಗರ್ ಹಾಕಿದ ನೀರಲ್ಲಿ ತೊಳೆದು, ಆಮೇಲೆ ಬರೀ ನೀರಲ್ಲಿ ತೊಳೆದು, ತೂಕ ಗೊತ್ತಿರೋ ಕಾಗದದ ಮೇಲೆ ಸೋಸಿ ನೆರಳಲ್ಲಿ ಒಣಗ್ಸಿ. ಒಲೆ ಮೇಲೆ ಒಣಗ್ಸಿದ್ರೆ ಸಣ್ಣ ಪುಡಿ ಬೇಗ ಕಪ್ಪಾಗಿ ತೂಕ ಹೆಚ್ಚುತ್ತೆ. ಕಬ್ಬಿಣದ ಚೂರು ಉಳಿದಿದ್ಯಾ ಅಂತ ಕಾಗದದ ಅಡಿಯಿಂದ ಅಯಸ್ಕಾಂತ ಆಡಿಸಿ ನೋಡಿ.

ಶುದ್ಧ ಮಾಲಾದ್ರೆ 20 ಗ್ರಾಂಗೆ 5 ಗ್ರಾಂ ಸ್ವಲ್ಪ ಮೇಲೆ ತಾಮ್ರ ಸಿಗ್ಬೇಕು. ಮನೇಲಿ ಮಾಡಿದ್ದಕ್ಕೆ ಆಚೆ ಈಚೆ ಆಗುತ್ತೆ, ಅದಕ್ಕೆ ಸೊಸೈಟಿದು ಅಂಗಡಿದು ಎರಡನ್ನೂ ಒಟ್ಟಿಗೆ ಒಂದೇ ರೀತಿ ಮಾಡಿ, ಒಂದರ ಮುಂದೆ ಒಂದಿಟ್ಟು ನೋಡಿ. ತೊಳೆಯುವಾಗ ಎರಡರದ್ದೂ ಅಷ್ಟಷ್ಟೇ ಹೋಗಿರುತ್ತೆ. ಇದರ ಇನ್ನೊಂದು ಲಾಭ, ಅಮೋನಿಯಾ ಬರೀ ಕಬ್ಬಿಣ ಹಿಡಿಯುತ್ತೆ, ಉಪ್ಪೋ ಸೋಡಿಯಂ ಸಲ್ಫೇಟೋ ಬೆರೆಸಿದ್ರೆ ಅದಕ್ಕೆ ಗೊತ್ತಾಗಲ್ಲ. ಮೊಳೆ ಲೆಕ್ಕಕ್ಕೆ ಯಾವುದು ಬೆರೆಸಿದ್ರೂ ತಾಮ್ರ ಕಮ್ಮಿ ಬರಲೇಬೇಕು.

ಮಂಡ್ಯದ ಗೌಡ:

ನಮ್ ಕಡೆ ಅಡಿಕೆ ಅಷ್ಟಿಲ್ಲ ಆದ್ರೂ ಓದ್ತಾ ಕೂತೆ. ಒಂದ್ ಮಾತು, ಯಾರೂ ಹೇಳ್ಲಿಲ್ಲ ಅದಕ್ಕೆ. ಇದು ವಿಷ ಕಣ್ರಪ್ಪ. ಅಡಿಗೆಮನೆ ಲೋಟ ಚಮಚದಲ್ಲಿ ಮಾಡ್ಬೇಡಿ, ಮಾಡಿದ್ರೆ ಆ ಲೋಟ ಮತ್ತೆ ಒಳಗೆ ಹೋಗ್ಬಾರ್ದು. ಚಿಕ್ ಮಕ್ಳಿಗೆ ಆ ನೀಲಿ ಹರಳು ಕಂಡ್ರೆ ಕಲ್ಲುಸಕ್ಕರೆ ಅಂದ್ಕೊಂಡ್ ಬಾಯಿಗಾಕ್ಕೊಬಿಡ್ತವೆ. ಹಂಗೇನಾರ ಆದ್ರೆ ವಾಂತಿ ಮಾಡ್ಸೋಕೆ ಉಪ್ಪುನೀರು ಗಿಪ್ಪುನೀರು ಅಂತ ಕೂರ್ದೆ ಸೀದಾ ಆಸ್ಪತ್ರೆಗೆ ಓಡಿ. ಕಣ್ಣಿಗೆ ಹಾರಿದ್ರೂ ನೀರಲ್ಲಿ ಚೆನ್ನಾಗಿ ತೊಳ್ಕಂಡು ತೋರ್ಸಿ. ಡ್ರಮ್ ತೊಳೆದ ನೀರು ಕೆರೆಗೋ ಹಳ್ಳಕ್ಕೋ ಬಿಟ್ರೆ ಮೀನು ಉಳಿಯಲ್ಲ.

ಪುತ್ತೂರಿನ ಕೃಷಿಕ:

ಗೌಡ್ರು ಹೇಳಿದ್ದು ಸತ್ಯ. ಪಾತ್ರೆ ಬಗ್ಗೆ ನಾನು ಸೇರಿಸ್ತೇನೆ. ಕಬ್ಬಿಣದ ಡ್ರಮ್ಮು, ಸತುವಿನ ಬಕೆಟು ಎರಡೂ ಬೇಡ, ಅದರಲ್ಲಿ ಕರಗಿಸಿದ್ರೆ ನಿಮ್ಮ ಒಳ್ಳೆ ಮೈಲುತುತ್ತು ನೀವೇ ಹಾಳು ಮಾಡಿದ ಹಾಗೆ, ತಾಮ್ರ ಎಲ್ಲ ಬಕೆಟಿಗೆ ಹಿಡೀತದೆ, ಬಕೆಟೂ ತೂತು. ಪ್ಲಾಸ್ಟಿಕ್ ಡ್ರಮ್ಮೇ ಸರಿ. ಹರಳನ್ನು ತಳಕ್ಕೆ ಸುರಿದು ಕೋಲಲ್ಲಿ ತಿರುಗಿಸಿ ಸುಸ್ತಾಗುದು ಬೇಡ, ಹಿಂದಿನ ರಾತ್ರಿ ಗೋಣಿ ತುಂಡಲ್ಲಿ ಕಟ್ಟಿ ನೀರಿನ ಮೇಲ್ಭಾಗದಲ್ಲಿ ಮುಳುಗುವ ಹಾಗೆ ನೇತು ಹಾಕಿ. ಕರಗಿದ ನೀರು ಭಾರ, ಅದು ಕೆಳಗೆ ಇಳೀತಾ ಹೋಗ್ತದೆ, ಹೊಸ ನೀರು ಗೋಣಿ ಹತ್ರ ಬರ್ತದೆ, ಬೆಳಿಗ್ಗೆ ನೋಡಿದ್ರೆ ಗೋಣಿ ಖಾಲಿ. ಆಗ ಗೋಣಿಯಲ್ಲಿ ಏನು ಉಳಿದಿದೆ ನೋಡಿ, ಮಣ್ಣು ಕಸ ಕರಗದ್ದು ಏನಾದ್ರೂ ಇದ್ರೆ ಅದೂ ಒಂದು ಪರೀಕ್ಷೆಯೇ.

ಮತ್ತೆ ಎಲ್ಲರೂ ಮೈಲುತುತ್ತನ್ನೇ ಬೈಯುದು, ಸುಣ್ಣವನ್ನು ಯಾರೂ ನೋಡುದಿಲ್ಲ. ಗಾಳಿಗೆ ಬಿಟ್ಟು ಹೂವಾದ ಹಳೆ ಸುಣ್ಣ ಒಂದು ಕೆಜಿ ಹಾಕಿದ್ರೆ ಒಂದು ಕೆಜಿ ಮೈಲುತುತ್ತಿಗೆ ಸಾಕಾಗುದಿಲ್ಲ, ಆಗ ಹಿಂಗಾರ (ಅಡಿಕೆ ಹೂಗೊನೆ) ಸುಡ್ತದೆ, ಮೈಲುತುತ್ತು ಖೋಟ ಅಂತ ಅಂಗಡಿಯವನಿಗೆ ಬೈಗುಳ.

ಕೆಮಿಸ್ಟ್ರಿ ಮೇಷ್ಟ್ರು:

ಸುಣ್ಣದ ಮಾತು ಬಹಳ ಮುಖ್ಯ. ಮೈಲುತುತ್ತದ ನೀರು ಹುಳಿ, ಲಿಟ್ಮಸ್ ನೀಲಿ ಕಾಗದ ಅದ್ದಿದ್ರೆ ಕೆಂಪಾಗುತ್ತೆ, ಆ ಹುಳಿ ಮುರಿಯೋಕೇ ಸುಣ್ಣ. ಗಾಳಿಲಿ ಬಿಟ್ಟ ಸುಣ್ಣ ಕಾರ್ಬೊನೇಟ್ ಆಗಿಬಿಟ್ಟಿರುತ್ತೆ, ಅಂದ್ರೆ ಸೀಮೆಸುಣ್ಣದ ಜಾತಿ, ಅದರಲ್ಲಿ ಆ ಕಸುವಿಲ್ಲ. ಕೆಜಿ ಲೆಕ್ಕ ನೆಚ್ಚಿಕೊಳ್ಳೋ ಬದಲು ಕತ್ತಿ ಅಥವಾ ಪಿಎಚ್ ಪೇಪರ್ ನೆಚ್ಚಿಕೊಳ್ಳಿ. ಮತ್ತೆ ಸುಣ್ಣದ ನೀರಿಗೆ ಮೈಲುತುತ್ತದ ನೀರು ಹಾಕ್ಬೇಕು, ಉಲ್ಟಾ ಅಲ್ಲ, ಉಲ್ಟಾ ಮಾಡಿದ್ರೆ ಗಸಿ ದಪ್ಪ ಆಗಿ ನಾಝಲ್ ಕಟ್ಟುತ್ತೆ, ಎಲೆಗೂ ಹಿಡಿಯಲ್ಲ.

ಅಂದಹಾಗೆ ಫ್ರಾನ್ಸಿನ ಬೋರ್ಡೋದಲ್ಲಿ ದ್ರಾಕ್ಷಿ ರೋಗಕ್ಕೆ ಅಂತ ಮಿಲಾರ್ದೆ 1885ರಲ್ಲಿ ಬರೆದ ಮಿಶ್ರಣ ಇದು, ನಮ್ಮ ಅಡಿಕೆ ಕೊಳೆಗೆ ಅದನ್ನ ತಂದು ನಿಲ್ಲಿಸಿದ್ದು ಲೆಸ್ಲಿ ಕೋಲ್ಮನ್, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದವರು. ಕೊಳೆ ರೋಗದ ಮೇಲೆ ಅವರು 1910ರಲ್ಲೇ ಬರೆದಿದ್ರು. ಆಗಿಂದ ಈಗಿನ ತನಕ ಎಷ್ಟೋ ಹೊಸ ಔಷಧಿ ಬಂತು, ಮಲೆನಾಡಿನ ಮಳೆಗೆ ನಿಲ್ಲೋದ್ರಲ್ಲಿ ಈ ನೀಲಿ ನೀರನ್ನ ಮೀರಿಸಿದ್ದು ನಾನಂತೂ ನೋಡಿಲ್ಲ.

ಕಳಸದತೋಟ:

ಅಪ್‌ಡೇಟ್ ಹಾಕ್ತಿದೀನಿ. ಕೊಪ್ಪದಲ್ಲೂ ಸಿಗ್ಲಿಲ್ಲ, ಕೊನೆಗೆ ಗೊತ್ತಿರೋ ಲೆಕ್ಚರರ್ ಒಬ್ರು ಕಾಲೇಜ್ ಲ್ಯಾಬಿಂದ ಸಣ್ಣ ಬಾಟಲಿ ಅಮೋನಿಯಾ ಕೊಟ್ರು. ಸೊಸೈಟಿದಕ್ಕೆ ಹಾಕ್ದೆ, ಮೊದ್ಲು ಮೋಡ ಕಟ್ಟಿದಂಗೆ ಆಯ್ತು, ಇನ್ನೂ ಹಾಕಿದ್ಮೇಲೆ ಎಲ್ಲಾ ಕರಗಿ ಆ ಬಣ್ಣ ಬಂತು ನೋಡಿ, ಹೆಂಡತಿನ ಕರೆದು ತೋರಿಸ್ದೆ. ಹಳೇ ಪಂಚೆ ತುಂಡಲ್ಲಿ ಸೋಸಿದ್ರೆ ಬಟ್ಟೆ ಮೇಲೆ ಏನೂ ಇಲ್ಲ. ಅಟ್ಟದ್ದೂ ಅದೇ ಥರ. ಅಂಗಡಿದು ಮಾತ್ರ ನೀಲಿ ಬಂದ್ರೂ ಕೆಳಗೆ ಕೆಸರು, ಸೋಸಿ ತೊಳೆದ್ರೆ ಪಂಚೆ ಮೇಲೆ ಮೊದ್ಲು ಹಸಿರು, ನೋಡ್ತಾ ನೋಡ್ತಾ ಅಂಚಿಂದ ಕಂದಾಗ್ತಾ ಬಂತು. ಬೆರಳಿಗೆ ಅಂಟೋ ಅಷ್ಟಿತ್ತು.

ಮೊಳೆ ಲೆಕ್ಕನೂ ಮಾಡ್ದೆ, ಸೊಸೈಟಿದು 5 ಗ್ರಾಂ ಹತ್ತತ್ರ ಬಂತು, ಅಂಗಡಿದು 4 ಮುಟ್ಟಲಿಲ್ಲ.

ಈಗ ಪ್ರಶ್ನೆ, ಇದನ್ನ ಜಾಸ್ತಿ ಹಾಕಿ ಹೊಡೆದ್ರೆ ಆಗಲ್ವಾ? ಒಂದು ಕೆಜಿ ಜಾಗದಲ್ಲಿ ಒಂದೂಕಾಲು, ಒಂದೂವರೆ ಹಾಕಿದ್ರೆ? ಅಪ್ಪ ಹಾಗೇ ಅಂತಿದಾರೆ, ತಂದಿದ್ದಲ್ವಾ ಅಂತ.

ಕೆಮಿಸ್ಟ್ರಿ ಮೇಷ್ಟ್ರು:

ಬೇಡ. ತಾಮ್ರದ ಲೆಕ್ಕ ಸರಿ ಹೋಗುತ್ತೆ, ಆದ್ರೆ ಜೊತೆಗೆ ಬರೋ ಅನ್ನಭೇದಿನೂ ಸುಣ್ಣ ತಿನ್ನುತ್ತೆ, ಆಗ 1 ಕೆಜಿ ಸುಣ್ಣ ಸಾಲಲ್ಲ. ಕಬ್ಬಿಣದ ಗಸಿ ಕೊಳೆ ತಡೆಯಲ್ಲ, ಸುಮ್ನೆ ಗಸಿ ಹೆಚ್ಚು ಮಾಡುತ್ತೆ. ಕಬ್ಬಿಣ ಒಂದೇ ಬೆರೆಸಿದಾರೆ ಅಂತ ಏನು ಗ್ಯಾರಂಟಿ, ಇನ್ನೇನು ಸೇರಿದ್ಯೋ. ಸೊಸೈಟಿದು ಅಟ್ಟದ್ದು ಎರಡನ್ನೂ ಮೊದಲ ಸಲಕ್ಕೆ ಬಳಸಿ. ಎರಡನೇ ಸಲ 40-45 ದಿನ ಬಿಟ್ಟು ತಾನೆ ಹೊಡೆಸೋದು, ಅಷ್ಟರಲ್ಲಿ ಒಳ್ಳೇದು ತಗೊಳ್ಳಿ.

ಹುಬ್ಬಳ್ಳಿ ಲ್ಯಾಬಿನವ:

ಬಿಲ್ ಐತೇನ್ರಿ? ಬಿಲ್ ಇದ್ರ ಚೀಲ ಪೂರಾ ಖಾಲಿ ಮಾಡಬ್ಯಾಡ್ರಿ, ಬಾಯಿ ಕಟ್ಟಿ ಹಂಗ ಇಡ್ರಿ. ರೈತ ಸಂಪರ್ಕ ಕೇಂದ್ರಕ್ಕ ಹೋಗಿ ಲಿಖಿತ ಅರ್ಜಿ ಕೊಡ್ರಿ, ಸ್ಯಾಂಪಲ್ ತಗೊಳ್ಳೋ ಅಧಿಕಾರ ಇರೋರು ಬಂದು ಅಂಗಡ್ಯಾಗಿನ ಮಾಲಿನಿಂದ ತಗೋಬೇಕು. ನೀವು ಮನ್ಯಾಗ ಮಾಡಿದ ಪಂಚಿ ಟೆಸ್ಟು ನಿಮಗ ತಿಳ್ಕೊಳ್ಳಾಕ ಸಾಕು, ಕೇಸಿಗೆ ನಡ್ಯಂಗಿಲ್ಲ.

ಕಳಸದತೋಟ:

ಬಿಲ್ ಇಲ್ಲ ಸರ್, ಚೀಟಿಲಿ ಬರ್ದು ಕೊಟ್ಟಿದಾರೆ. ನಾಳೆ ಅಪ್ಪನ್ನ ಕರ್ಕೊಂಡು ಚೀಲ, ಪಂಚೆ ತುಂಡು, ಉಳಿದ ಅಮೋನಿಯಾ ಮೂರೂ ತಗೊಂಡು ಅಂಗಡಿಗೇ ಹೋಗ್ತೀನಿ, ಅವ್ರ ಕೌಂಟರ್ ಮೇಲೇ ಮಾಡಿ ತೋರಿಸ್ತೀನಿ.

ಪುತ್ತೂರಿನ ಕೃಷಿಕ:

ಸೊಸೈಟಿಯ ನಾಲ್ಕು ಹರಳು ಸಹ ಹಿಡ್ಕೊಂಡು ಹೋಗಿ ಮಾರಾಯ್ರೆ, ಪಕ್ಕದಲ್ಲಿ ಒಳ್ಳೆದು ತೋರಿಸದಿದ್ರೆ ನಿಮ್ಮ ಅಮೋನಿಯಾವೇ ಸರಿ ಇಲ್ಲ ಹೇಳ್ತಾನೆ ಅವ.